ಭಾನುವಾರ ಇಳಿಯದ ನೈಟ್ರೋಜನ್

ವಕ್ಕಲೇರಿಯ ಚನ್ನರಾಯಪ್ಪ ಯಾರು ಟೀ ಕೊಟ್ಟರೂ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ನೋಡುವವನು. ಬಸ್ಸಿನ ಟಿಕೆಟ್ಟಿನ ಮೇಲಿನ ತಾರೀಖು ಓದಿದ ಮೇಲೇ ಸೀಟಿನಲ್ಲಿ ಕೂರುವವನು. ಹೆಂಡತಿ ಭಾರತಮ್ಮ ಮನೆಗೆ ಬೀಗ ಹಾಕಿ ಬಂದರೂ ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಬೀಗ ಜಗ್ಗಿ ನೋಡುವವನು. "ನಿನ್ನ ನೆರಳು ಯಾಕೆ ನಿನ್ನ ಹಿಂದೇನೇ ಬರ್ತದೆ ಅಂತ ಅದರ ಮೇಲೂ ಅನುಮಾನ ನಿಂಗೆ," ಎಂದು ಅವಳು ನಗುತ್ತಿದ್ದಳು.

ಹುಟ್ಟಿನಿಂದ ಹಾಗಿದ್ದವನಲ್ಲ. ಇಪ್ಪತ್ತಾರು ವರ್ಷ ಅವನು ಸುತ್ತಲಿನ ಹಳ್ಳಿಗಳಲ್ಲಿ ಬೆದೆಗೆ ಬಂದ ಹಸುಗಳಿಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಮಾಡುತ್ತ ತಿರುಗಿದವನು. ಬೈಕಿನ ಹಿಂದೆ ಕಟ್ಟಿದ ಅಲ್ಯುಮಿನಿಯಂ ಕ್ಯಾನು, ಕ್ಯಾನಿನೊಳಗೆ ಕೊರೆಯುವ ನೈಟ್ರೋಜನ್, ಅದರಲ್ಲಿ ಮುಳುಗಿಸಿಟ್ಟ, ಹೋರಿಯ ಬೀಜ ತುಂಬಿದ ತೆಳ್ಳನೆಯ ಕಡ್ಡಿಗಳು, ಒಂದೊಂದು ಕಡ್ಡಿಯಲ್ಲಿ ಒಂದೊಂದು ಕರುವಿನ ಆಸೆ. ನೈಟ್ರೋಜನ್ ಕೆಳಗಿಳಿದು ಕಡ್ಡಿಗೆ ಬಿಸಿ ತಾಕಿದರೆ ಒಳಗಿನ ಬೀಜ ಸತ್ತಿತು. ಆದರೆ ಸತ್ತ ಕಡ್ಡಿಗೂ ಬದುಕಿದ ಕಡ್ಡಿಗೂ ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಮೂರು ತಿಂಗಳು ಕಳೆದು ಹಸುವೇ ಹೇಳಬೇಕು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಮೂರು ಹಳ್ಳಿಯ ನಲವತ್ತು ಹಸುಗಳಲ್ಲಿ ಒಂದೂ ಗಬ್ಬ ನಿಲ್ಲಲಿಲ್ಲ. ಡೇರಿಯ ಮುಂದೆ ಹಾಲು ಹಾಕಲು ನಿಂತ ಸಾಲಿನಲ್ಲಿ ಪೆದ್ದಪ್ಪ ಎಂಬ ರೈತ ಎಲ್ಲರಿಗೂ ಕೇಳಿಸುವ ಹಾಗೆ, "ಏನ್ಲಾ ಚನ್ನರಾಯಾ, ಕ್ಯಾನಲ್ಲಿ ಬೋರ್‌ವೆಲ್ ನೀರು ತುಂಬ್ಕೊಂಡು ತಿರುಗ್ತಿದ್ದೀಯೇನ್ಲಾ?" ಎಂದ. ಜನ ನಕ್ಕರು. ಆ ನಗುವಿನಲ್ಲಿ ಚನ್ನರಾಯಪ್ಪನ ಮುಖ ಸುಟ್ಟುಹೋಯಿತು. ನೈಟ್ರೋಜನ್ ತರುವ ಗಾಡಿಯ ಡ್ರೈವರು ಅರ್ಧ ತುಂಬಿ ಪೂರ್ತಿ ತುಂಬಿದೆ ಎಂದು ಹೇಳಿರಬೇಕು ಎಂದು ಅವನು ತೀರ್ಮಾನಿಸಿದ. ಸಾಕ್ಷಿ ಏನೂ ಇರಲಿಲ್ಲ. ಅಂದಿನಿಂದ ಅವನ ಕೈಯಲ್ಲಿ ಒಂದು ಕಪ್ಪು ಅಳತೆಕೋಲು ಬಂತು. ಅದನ್ನು ಕ್ಯಾನಿನೊಳಗೆ ಇಳಿಸಿ ಹತ್ತು ಎಣಿಸುವುದು, ಹೊರಗೆ ತೆಗೆದು ಗಾಳಿಯಲ್ಲಿ ಎರಡು ಸಲ ಬೀಸುವುದು. ನೈಟ್ರೋಜನ್ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಕೋಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ. ಮನುಷ್ಯರ ಬಾಯಿಗಿಂತ ಆ ಬಿಳಿ ಗೆರೆಯನ್ನೇ ಅವನು ನಂಬಿಕೊಂಡ.

ಐವತ್ತೈದು ತುಂಬುವ ಹೊತ್ತಿಗೆ ಒಂದು ಕಡಸು ಒದ್ದು ಅವನ ಬಲಮಂಡಿ ಕೆಟ್ಟಿತು. ಬೈಕಿನ ಕಿಕ್ ಒದೆಯಲಾಗದೆ ಆರು ತಿಂಗಳು ಮನೆಯಲ್ಲಿ ಕೂತ. ಆಗ ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ನೈಟ್ರೋಜನ್ ತುಂಬಲು ಜನ ಬೇಕಂತೆ ಎಂಬ ಸುದ್ದಿ ಬಂತು. ಹೊಗೆಯಾಡುವ ಆ ನೀರಿಗೆ ಹೆದರಿ ಹುಡುಗರು ವಾರಕ್ಕೊಬ್ಬರಂತೆ ಬಿಟ್ಟು ಹೋಗುತ್ತಿದ್ದರಂತೆ.

ಕೇಂದ್ರದ ಮುಖ್ಯಸ್ಥ ಚಂದ್ರಮೋಹನ್ ಎಂಬವರು ಅವನನ್ನು ಕೂರಿಸಿ ಪ್ರಶ್ನೆ ಕೇಳುತ್ತಿದ್ದಾಗ ಚನ್ನರಾಯಪ್ಪನ ಕಣ್ಣು ಮೂಲೆಯಲ್ಲಿದ್ದ ಹೊಸ ಕ್ಯಾನಿನ ಮೇಲಿತ್ತು. "ಸಾರ್, ಆ ಕ್ಯಾನು ಬೆವರ್ತಾ ಐತೆ," ಎಂದ. "ಒಳಗಿನ ತಂಪು ಹೊರಗೆ ಬರ್ತೈತೆ ಅಂದ್ರೆ ಗೋಡೆ ಕೆಟ್ಟೋಗೈತೆ. ನಾಳೆ ಬೆಳಿಗ್ಗೆ ನೋಡಿ, ಖಾಲಿ."

ಮರುದಿನ ಕ್ಯಾನು ಖಾಲಿಯಾಗಿತ್ತು. ಚನ್ನರಾಯಪ್ಪನಿಗೆ ಕೆಲಸ ಸಿಕ್ಕಿತು. ಆ ಕ್ಯಾನನ್ನು ಕೊಂಡು ತಂದಿದ್ದವನು ಸ್ಟೋರಿನ ಶಿವಕುಮಾರ್. ಅವನು ಅಂದಿನಿಂದ ಚನ್ನರಾಯಪ್ಪನನ್ನು ಕಂಡರೆ ಮುಖ ತಿರುಗಿಸತೊಡಗಿದ.

ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಆಳೆತ್ತರಕ್ಕೂ ಮೀರಿದ ಬಿಳಿ ಅಯಸ್ಕಾಂತವೊಂದು ನಾಲ್ಕು ಕಾಲಿನ ಮೇಲೆ ನಿಂತಿತ್ತು. ಅದರ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಕೀಲಿಕೈ, ಗಡಿಯಾರ, ಬಸ್ ಪಾಸಿನ ಕ್ಲಿಪ್ಪು ಯಾವುದನ್ನೂ ಇಟ್ಟುಕೊಂಡು ಗೆರೆ ದಾಟುವಂತಿರಲಿಲ್ಲ. ಆ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವಳು ರಂಜಿತ, ಶ್ರೀನಿವಾಸಪುರದ ಕಡೆಯ ಹುಡುಗಿ. ಮೂರು ವರ್ಷದಿಂದ ಅಲ್ಲೇ ಸಂಶೋಧನೆ. ಮಾಲೂರಿನ ಮುಚ್ಚಿಹೋದ ಹೆಂಚಿನ ಕಾರ್ಖಾನೆಗಳ ಜೇಡಿಮಣ್ಣನ್ನು ಸುಟ್ಟು ಪುಡಿ ಮಾಡಿ ಸಿಮೆಂಟಿಗೆ ಬೆರೆಸಿದರೆ ಅದು ಹೇಗೆ ಗಟ್ಟಿಯಾಗುತ್ತದೆ ಎಂಬುದು ಅವಳ ಕೆಲಸ. ಆ ಪುಡಿಯನ್ನು ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ಬಿಳಿ ಕೊಳವೆಯಲ್ಲಿ ತುಂಬಿ, ಅಯಸ್ಕಾಂತದೊಳಗೆ ಇಳಿಸಿ, ಬುಗುರಿಯ ಹಾಗೆ ತಿರುಗಿಸುತ್ತಿದ್ದಳು.

"ಪುಡಿ ತಿರುಗಿಸಿದ್ರೆ ಏನ್ ಗೊತ್ತಾಗುತ್ತೆ ಮೇಡಮ್?" ಎಂದು ಮೊದಲ ವಾರವೇ ಅವನು ಕೇಳಿದ. ತಿಳಿಯುವ ಆಸೆಗಿಂತ ಮೋಸ ಎಲ್ಲಿದೆ ನೋಡೋಣ ಎಂಬ ದನಿ.

ರಂಜಿತ ಬೇಸರಿಸದೆ ಹೇಳಿದಳು. "ಮಣ್ಣಲ್ಲಿ ಸಿಲಿಕಾನ್ ಇರುತ್ತಲ್ಲಣ್ಣ, ಅದರ ಕೆಲವು ಕಣದ ನಡುವೆ ಒಂದು ಪುಟ್ಟ ಅಯಸ್ಕಾಂತ ಇದೆ ಅಂದ್ಕೊಳ್ಳಿ. ರೇಡಿಯೋ ಅಲೆ ಬಿಟ್ಟು ತಟ್ಟಿದ್ರೆ ಅದು ತಿರುಗಿ ಸದ್ದು ಕೊಡುತ್ತೆ. ಸದ್ದು ಕೇಳಿ ಅದರ ಅಕ್ಕಪಕ್ಕ ಯಾರಿದ್ದಾರೆ ಅಂತ ಹೇಳಬಹುದು. ಆದ್ರೆ ನೂರು ಸಿಲಿಕಾನ್ ಇದ್ರೆ ಐದಕ್ಕೂ ಕಮ್ಮಿ ಮಾತ್ರ ಬಾಯಿ ಇರೋವು. ಆ ಬಾಯಿ ಇರೋವ್ರಲ್ಲೂ ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ ತಿರುಗಿ ಒಬ್ಬರ ಸದ್ದು ಒಬ್ಬರು ಅಳಿಸಿಬಿಡ್ತಾರೆ. ಲಕ್ಷಕ್ಕೆ ಒಂದು ಹೆಚ್ಚಾಗಿ ಉಳಿದ್ರೆ ಅದೇ ನಮಗೆ ಕೇಳೋದು."

"ಅಷ್ಟು ಕೇಳಿ ಊರೆಲ್ಲದರ ಸುದ್ದಿ ಹೇಳ್ತೀರಾ?"

"ಅದಕ್ಕೇ ದಿನಗಟ್ಟಲೆ ಕೇಳ್ಬೇಕು. ಸದ್ದು ಜಾಸ್ತಿ ಮಾಡೋದಕ್ಕೇ ನಿಮ್ಮ ನೈಟ್ರೋಜನ್ನು. ಚಳಿಗೆ ಅವು ಒಂದೇ ಕಡೆ ತಿರುಗೋದು ಸ್ವಲ್ಪ ಜಾಸ್ತಿ ಆಗುತ್ತೆ. ಜೊತೆಗೆ ಪುಡಿಗೆ ಒಂದು ಔಷಧದ ಹನಿ ಹಾಕ್ತೀವಿ, ಅದರಲ್ಲಿ ಒಂಟಿ ಎಲೆಕ್ಟ್ರಾನ್ ಇರುತ್ತೆ. ಎಲೆಕ್ಟ್ರಾನ್‌ಗೆ ಸಿಲಿಕಾನ್‌ಗಿಂತ ಎಷ್ಟೋ ಪಾಲು ಹೆಚ್ಚು ಶಿಸ್ತು. ಮೈಕ್ರೋವೇವ್ ಕೊಟ್ಟು ಆ ಶಿಸ್ತನ್ನ ಸಿಲಿಕಾನ್‌ಗೆ ದಾಟಿಸ್ತೀವಿ."

ಚನ್ನರಾಯಪ್ಪ ತಲೆ ಅಲ್ಲಾಡಿಸಿದ. ಬಾಗಿಲು ದಾಟಿದ ಮೇಲೆ ಕಾವಲುಗಾರ ಮುನಿಕೃಷ್ಣಪ್ಪನ ಹತ್ತಿರ, "ಕೋಳಿ ಕಾಣಲಿಲ್ಲ, ಮೊಟ್ಟೆ ಕಾಣಲಿಲ್ಲ, ಕೂಗು ಮಾತ್ರ ಕೇಳ್ತಂತೆ," ಎಂದ.

ಎರಡನೆಯ ವರ್ಷ ಶಿವಕುಮಾರ್ ಹೊಸ ಮಾತು ಶುರು ಮಾಡಿದ. ನೈಟ್ರೋಜನ್ ಖರ್ಚು ಜಾಸ್ತಿ ಆಗುತ್ತಿದೆ, ವಕ್ಕಲೇರಿ ಕಡೆಯ ಇಂಜೆಕ್ಷನ್ನಿನವರೆಲ್ಲ ಚನ್ನರಾಯಪ್ಪನ ಹಳೆಯ ಸ್ನೇಹಿತರು, ಸಂಜೆ ಬಸ್ಸಿಗೆ ಹೋಗುವಾಗ ಅವನ ಚೀಲ ಯಾಕೆ ಅಷ್ಟು ಉಬ್ಬಿರುತ್ತದೆ? ಒಂದು ದಿನ ಗೇಟಿನಲ್ಲಿ ಚೀಲ ತೆಗೆಸಿ ನೋಡಿದರು. ಒಳಗೆ ಊಟದ ಡಬ್ಬಿ, ಮಂಡಿಗೆ ಕಟ್ಟುವ ಪಟ್ಟಿ, ಅರ್ಧ ಕಿಲೋ ಬೀನ್ಸ್.

ಬೇರೆಯವರಾಗಿದ್ದರೆ ಜಗಳವಾಡುತ್ತಿದ್ದರು. ಚನ್ನರಾಯಪ್ಪ ಮನೆಯಿಂದ ತನ್ನ ಕಪ್ಪು ಕೋಲು ತಂದ. ಯಂತ್ರದ ಪಕ್ಕದಲ್ಲಿ, ಹಳದಿ ಗೆರೆಯ ಹೊರಗಿದ್ದ ಇನ್ನೂರು ಲೀಟರಿನ ನೈಟ್ರೋಜನ್ ಪಾತ್ರೆಗೆ ಮುಳ್ಳಿನ ಮೀಟರು ಇತ್ತು. ಆದರೂ ಬೆಳಿಗ್ಗೆ ಬಂದ ತಕ್ಷಣ ಒಂದು ಸಲ, ಸಂಜೆ ಹೊರಡುವಾಗ ಒಂದು ಸಲ ಒತ್ತಡ ಬಿಟ್ಟು, ಮುಚ್ಚಳ ತೆಗೆದು, ಕೋಲು ಇಳಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಹಾಕಿ ಗೆರೆ ಎಳೆಯತೊಡಗಿದ. ಯಾರು ಏನು ಹೇಳಿದರೂ ಗೋಡೆ ತೋರಿಸುವುದು, ಅಷ್ಟೇ.

ಶ್ರಾವಣದಲ್ಲಿ ಮುಳಬಾಗಿಲಿಗೆ ಕೊಟ್ಟ ಮಗಳ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಶನಿವಾರ ಬೆಳಿಗ್ಗೆಯಿಂದ ಮಾಲೂರಿನಲ್ಲಿ ಬಿಡದ ತುಂತುರು. ಅದೇ ಬೆಳಿಗ್ಗೆ ರಂಜಿತಳ ಕೋಣೆಯಿಂದ ಕೂಗು ಕೇಳಿತು. ಮೈಕ್ರೋವೇವ್ ಕೊಟ್ಟ ಅರ್ಧ ಗಂಟೆಯಲ್ಲಿ ಸಿಲಿಕಾನಿನ ಸದ್ದು ಪರದೆಯ ಮೇಲೆ ತೆಂಗಿನ ಮರದ ಹಾಗೆ ಎದ್ದು ನಿಂತಿತ್ತು. ಇನ್ನು ಮೈಕ್ರೋವೇವ್ ನಿಲ್ಲಿಸಿ, ಅದೇ ಪುಡಿಯನ್ನು ಅದೇ ಚಳಿಯಲ್ಲಿ ಕೇಳಬೇಕು. ಎರಡನ್ನೂ ಹೋಲಿಸಿದರೆ ಎಷ್ಟು ಪಟ್ಟು ಹೆಚ್ಚಾಯಿತು ಎಂದು ತಿಳಿಯುತ್ತದೆ. ಬರಿಯ ಸದ್ದು ತೀರಾ ಸಣ್ಣದು, ಅದನ್ನು ಕೇಳಲು ಒಂದು ಪೂರ್ತಿ ದಿನ ಬೇಕು. ಮಧ್ಯಾಹ್ನ ಚನ್ನರಾಯಪ್ಪ ಪಾತ್ರೆಯಿಂದ ಯಂತ್ರಕ್ಕೆ ಚಳಿ ಹಾಯಿಸುವ ಕೊಳವೆ ಕಳಚಿ, ಪಾತ್ರೆಯನ್ನು ಕಂಠಮಟ್ಟ ತುಂಬಿ, ಕೋಲು ಇಳಿಸಿ, ಗೆರೆ ಎಳೆದು ಮುಳಬಾಗಿಲಿನ ಬಸ್ಸಿಗೆ ಓಡಿದ. ಸಂಜೆ ರಂಜಿತ ಕೊಳವೆ ಜೋಡಿಸಿ ಯಂತ್ರ ಹಚ್ಚಿ ಊರಿಗೆ ಹೋದಳು. ಭಾನುವಾರ ಇಡೀ ದಿನ ಯಂತ್ರ ತನ್ನಷ್ಟಕ್ಕೆ ಓಡಬೇಕಿತ್ತು.

ಸೋಮವಾರ ಬೆಳಿಗ್ಗೆ ಅವನು ಬಂದಾಗ ಕೇಂದ್ರದಲ್ಲಿ ಮೈಸೂರ್ ಪಾಕಿನ ಡಬ್ಬಿ ಓಡಾಡುತ್ತಿತ್ತು. ನೂರ ಇಪ್ಪತ್ತು ಪಟ್ಟು! ಚಂದ್ರಮೋಹನ್ ಸಾರ್ ಎಂದೂ ಇಲ್ಲದೆ ಅವನ ಭುಜ ತಟ್ಟಿ, "ನಿಮ್ಮ ಚಳಿಯ ಕೆಲಸ ಚನ್ನರಾಯಪ್ಪ," ಎಂದರು. ಗುರುವಾರ ಹೊರಗಿನಿಂದ ದೊಡ್ಡ ವಿಜ್ಞಾನಿಗಳು ನೋಡಲು ಬರುತ್ತಾರಂತೆ.

ಅವನು ಮೈಸೂರ್ ಪಾಕನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು ಕೋಲು ಹಿಡಿದು ಒಳಗೆ ಹೋದ. ಪಾತ್ರೆಯಲ್ಲಿ ಇಳಿಸಿ, ಹತ್ತು ಎಣಿಸಿ, ತೆಗೆದು ಬೀಸಿದ. ಬಿಳಿ ಗೆರೆ ನೋಡಿ ಮತ್ತೆ ಇಳಿಸಿದ. ಶನಿವಾರದ ಗೆರೆಗಿಂತ ನಾಲ್ಕು ಬೆರಳು ಕೆಳಗೆ. ಅಷ್ಟೇ. ಒಂದು ದಿನ ಯಂತ್ರ ಓಡಿದರೆ ಅರ್ಧಕ್ಕಿಂತ ಹೆಚ್ಚು ಪಾತ್ರೆ ಖಾಲಿಯಾಗುತ್ತದೆ. ನಾಲ್ಕು ಬೆರಳು ಎಂದರೆ ಮುಚ್ಚಿಟ್ಟರೂ ತಾನಾಗಿ ಆವಿಯಾಗುವಷ್ಟು.

ಮೊದಲು ಅವನ ಅನುಮಾನ ಹೋದದ್ದು ಶಿವಕುಮಾರನ ಮೇಲೆ. ಭಾನುವಾರ ಗಾಡಿ ತರಿಸಿ ತುಂಬಿಸಿ, ನಾಳೆ 'ನೋಡಿ, ಇವನ ಗೆರೆಗಳೆಲ್ಲ ಸುಳ್ಳು' ಎಂದು ತೋರಿಸುವ ಉಪಾಯ ಇರಬಹುದು. ಗೇಟಿಗೆ ಹೋಗಿ ಮುನಿಕೃಷ್ಣಪ್ಪನನ್ನು ಕೇಳಿದ.

"ಎವರೂ ರಾಲೇದನ್ನಾ," ಎಂದ ಮುನಿಕೃಷ್ಣಪ್ಪ. ಅವನು ಆಂಧ್ರದ ಗಡಿಯವನು, ಎರಡು ಭಾಷೆಯೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. "ಯಾರೂ ಬರ್ಲಿಲ್ಲ. ನಿನ್ನೆ ಪೂರ್ತಿ ನಾನೇ ಇದ್ದೆ. ಒಂದು ನಾಯಿ ಬಂತು, ಅದನ್ನೂ ಓಡಿಸ್ದೆ. ಯಾಕೆ, ಏನಾದ್ರೂ ಹೋಗೈತಾ?"

"ಹೋಗಿಲ್ಲ ಕಣೋ. ಹೋಗ್ಬೇಕಾಗಿದ್ದು ಹೋಗಿಲ್ಲ."

ಹಾಗಾದರೆ ಉಳಿದದ್ದು ಒಂದೇ. ಯಂತ್ರ ಓಡಲೇ ಇಲ್ಲ. ಆ ಹುಡುಗಿ ಓಡಿಸದೆಯೇ ಅಂಕಿ ಬರೆದಿದ್ದಾಳೆ. ಹಾಗೆಂದುಕೊಂಡ ತಕ್ಷಣ ಚನ್ನರಾಯಪ್ಪನಿಗೆ ಒಂದು ತರಹದ ಸಮಾಧಾನವೇ ಆಯಿತು. ಎಷ್ಟು ಒಳ್ಳೆಯ ಮಾತು, ಎಷ್ಟು ಶಾಂತ ಮುಖ, ಅಂಥವರನ್ನೇ ನಂಬಬಾರದು! ಇಡೀ ದಿನ ಅವನು ಅವಳನ್ನು ಓರೆಗಣ್ಣಿನಿಂದ ನೋಡುತ್ತಲೇ ಇದ್ದ. ಅವಳು ನಕ್ಕರೆ ನಟನೆ ಅನ್ನಿಸಿತು. ಫೋನಿನಲ್ಲಿ ದನಿ ತಗ್ಗಿಸಿ ಮಾತಾಡಿದರೆ ಒಳಸಂಚು ಅನ್ನಿಸಿತು.

ಮನೆಯಲ್ಲಿ ಭಾರತಮ್ಮ ರಾಗಿ ಹಿಟ್ಟು ಕಲಸುತ್ತ ಎಲ್ಲ ಕೇಳಿದಳು. "ಸಾರ್‌ಗೆ ಹೇಳ್ಬಿಡು," ಎಂದಳು.

"ಹೇಳಿದ್ರೆ ನನ್ನ ಕೋಲು ಸರಿ ಇಲ್ಲ ಅಂತಾರೆ. ನೈಟ್ರೋಜನ್ ಕಮ್ಮಿ ಆದ್ರೆ ನಾನು ಕಳ್ಳ. ಜಾಸ್ತಿ ಆದ್ರೆ ನಾನು ಸುಳ್ಳ."

"ಹಂಗಾದ್ರೆ ಆ ಹುಡುಗೀನೇ ಕೇಳು. ಬೆನ್ನ ಹಿಂದೆ ಅನುಮಾನ ಪಡೋದಕ್ಕಿಂತ ಮುಖಕ್ಕೆ ಕೇಳೋದು ಮೇಲು. ನಿನ್ನನ್ನ ಯಾರಾದ್ರೂ ಹಂಗೆ ಕೇಳಿದ್ರಾ? ಸಾಲಲ್ಲಿ ನಿಲ್ಲಿಸಿ ನಕ್ಕರು."

ಮಂಗಳವಾರ ಬೆಳಿಗ್ಗೆ ರಂಜಿತ ಒಬ್ಬಳೇ ಇದ್ದಾಗ ಅವನು ಬಾಗಿಲಲ್ಲಿ ನಿಂತ. ಮೃದುವಾಗಿ ಕೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದ. ಬಾಯಿಂದ ಬಂದದ್ದು ಬೇರೆ. "ಭಾನುವಾರ ನೀವು ಮಿಷನ್ ಓಡಿಸಿದ್ರಾ ಇಲ್ವಾ, ನಿಜ ಹೇಳಿ."

ರಂಜಿತಳ ಮುಖ ಕೆಂಪಾಯಿತು. "ಏನಣ್ಣ ಹಾಗಂದ್ರೆ? ನಾನು ಸುಳ್ಳು ಹೇಳ್ತಿದ್ದೀನಿ ಅಂತಾನಾ?"

"ನಾನು ಅಂತಿಲ್ಲ. ಗೋಡೆ ಅಂತೈತೆ." ಅವನು ಅವಳನ್ನು ಕರೆದೊಯ್ದು ಗೆರೆಗಳನ್ನು ತೋರಿಸಿದ. ಹಿಂದಿನ ಎರಡು ತಿಂಗಳಲ್ಲಿ ಯಂತ್ರ ಓಡಿದ ದಿನವೆಲ್ಲ ಎಷ್ಟೆಷ್ಟು ಇಳಿದಿತ್ತು ನೋಡಿ, ಭಾನುವಾರ ಎಷ್ಟು ಇಳಿದಿದೆ ನೋಡಿ.

"ನಿಮ್ಮ ಅಳತೆ ತಪ್ಪಿರುತ್ತೆ. ಚಳಿ ಸರಿಯಾಗೇ ಇತ್ತು, ಕಂಪ್ಯೂಟರಿನಲ್ಲಿ ದಾಖಲೆ ಇದೆ," ಎಂದು ಅವಳು ಕೋಪದಿಂದಲೇ ಕೀಲಿಗಳನ್ನು ಕುಟ್ಟಿ ಪರದೆಯ ಮೇಲೆ ಒಂದು ಗೆರೆ ತರಿಸಿದಳು. "ನೋಡಿ. ಪೂರ್ತಿ ದಿನ. ಎಷ್ಟು ನೆಟ್ಟಗಿದೆ."

ಚನ್ನರಾಯಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ. ಗೆರೆ ನಿಜವಾಗಿಯೂ ನೆಟ್ಟಗಿತ್ತು. ದಾರ ಹಿಡಿದು ಎಳೆದ ಹಾಗೆ. "ಬೇರೆ ದಿನದ್ದು ತೋರಿಸಿ," ಎಂದ. ಅವಳು ತೋರಿಸಿದಳು. ಅದು ಸಣ್ಣಗೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಇನ್ನೊಂದು ದಿನದ್ದೂ ಹಾಗೆಯೇ.

"ಎಲ್ಲಾ ದಿನ ಅಲ್ಲಾಡೋದು ಅವತ್ತೊಂದು ದಿನ ಯಾಕೆ ಅಲ್ಲಾಡ್ಲಿಲ್ಲ ಮೇಡಮ್?"

ರಂಜಿತ ಎರಡು ಗೆರೆಗಳನ್ನೂ ಪಕ್ಕಪಕ್ಕ ತಂದು ನೋಡಿದಳು. ತನಗೇ ಹೇಳಿಕೊಂಡಂತೆ, "ಥರ್ಮಾಮೀಟರ್ ಇರೋದು ಕೊಳವೆಯ ಈ ತುದೀಲಿ, ಪಾತ್ರೆ ಹತ್ತಿರ. ಅದರ ಮುಂದೆ ಎಲ್ಲಾದ್ರೂ ಕಟ್ಟಿಕೊಂಡಿದ್ರೆ... ಏನೂ ಹರಿಯಲ್ಲ, ಇಲ್ಲಿ ಚಳಿ ಅಲ್ಲಾಡದೆ ಹಾಗೇ ಇರುತ್ತೆ. ಅಲ್ಲಿ ಪುಡಿಗೆ ಬರೀ ಕೋಣೆಯ ಗಾಳಿ," ಎಂದಳು. ಆಮೇಲೆ ಅವನ ಕಡೆ ತಿರುಗಿ, "ಅಣ್ಣ, ನೀವು ಸ್ವಲ್ಪ ಹೊರಗೆ ಇರ್ತೀರಾ? ನಾನು ಯೋಚನೆ ಮಾಡ್ಬೇಕು."

ಅವನು ಹೊರಗೆ ಬಂದ. ಆದರೆ ಹೋಗಲಿಲ್ಲ. ಬಾಗಿಲಿನೆದುರು ಸ್ಟೂಲು ಹಾಕಿಕೊಂಡು ಕೂತ. ಯೋಚನೆ ಎಂದರೆ ಏನು? ದಾಖಲೆ ಅಳಿಸಿಬಿಟ್ಟರೆ? ಗುರುವಾರದವರೆಗೆ ಬಾಯಿ ಮುಚ್ಚಿಕೊಂಡಿರಿ ಎಂದು ತನಗೇ ಹೇಳಿದರೆ? ಮಂಡಿ ನೋಯುತ್ತಿತ್ತು, ಊಟದ ಹೊತ್ತು ಮೀರಿತು, ಅವನು ಏಳಲಿಲ್ಲ. ಗಾಜಿನ ಆಚೆ ಅವಳು ತಲೆಗೆ ಕೈಹೊತ್ತು ಕೂತಿರುವುದು ಕಾಣುತ್ತಿತ್ತು. ಮೂರು ವರ್ಷದ ಕೆಲಸ. ಒಮ್ಮೆ ಅವಳು ಕಣ್ಣೊರೆಸಿಕೊಂಡಳು. ಆಗಲೂ ಅವನು ಕದಲಲಿಲ್ಲ.

ಕೊನೆಗೆ ಬಾಗಿಲು ತೆಗೆದು ಹೊರಬಂದಳು. "ನಾನು ಅಳಿಸಿಬಿಡ್ತೀನಿ ಅಂತ ಕಾವಲು ಕೂತ್ರಾ?"

"ಹೌದು," ಎಂದ. ಸುಳ್ಳು ಹೇಳಲು ಅವನಿಗೆ ತೋಚಲಿಲ್ಲ.

ಅವಳು ನೇರ ಚಂದ್ರಮೋಹನರ ಕೋಣೆಗೆ ಹೋದಳು.

ಹತ್ತು ನಿಮಿಷದಲ್ಲಿ ಎಲ್ಲರೂ ಅಯಸ್ಕಾಂತದ ಕೋಣೆಯಲ್ಲಿದ್ದರು. ಸುದ್ದಿ ಹೇಗೋ ಸಿಕ್ಕಿ ಶಿವಕುಮಾರನೂ ಬಾಗಿಲಲ್ಲಿ ಒರಗಿ ನಿಂತಿದ್ದ. ಚಂದ್ರಮೋಹನ್ ಕೊಳವೆಯ ಜೋಡಣೆಯನ್ನು ತಾವೇ ಕಳಚಿದರು. ಒಳಗೆ, ಕೊಳವೆ ಬಾಗುವ ಕಡೆ, ಹುಣಸೆಬೀಜದ ಗಾತ್ರದ ಮಂಜುಗಡ್ಡೆ ಬಿರಡೆಯ ಹಾಗೆ ಕೂತಿತ್ತು. ಪಾತ್ರೆ ಇನ್ನೂ ಚಳಿಯಾಗಿದ್ದರಿಂದ ಅದು ಮೂರು ದಿನವಾದರೂ ಕರಗಿರಲಿಲ್ಲ.

"ಇದು ನೈಟ್ರೋಜನ್ ಅಲ್ಲ, ನೀರು," ಎಂದರು ಚಂದ್ರಮೋಹನ್. "ಶನಿವಾರ ಮಳೆ. ತಣ್ಣಗಿರೋ ಕೊಳವೆ ಬಾಯಿ ತೆರೆದಿದ್ರೆ ಗಾಳಿಯ ತೇವ ಎಲ್ಲ ಹೀರ್ಕೊಳ್ಳುತ್ತೆ. ಮಧ್ಯಾಹ್ನ ಕಳಚಿದಾಗ ಬಾಯಿಗೆ ರಬ್ಬರ್ ಮುಚ್ಚಳ ಹಾಕಿರಲಿಲ್ವಾ? ರಂಜಿತ, ನೀವು ಜೋಡಿಸುವಾಗ ಮುಚ್ಚಳ ಇತ್ತಾ?"

"ಇತ್ತೋ ಇಲ್ವೋ ನೆನಪಿಲ್ಲ ಸಾರ್. ಅವಸರದಲ್ಲಿದ್ದೆ. ತಪ್ಪು ನಂದೇ ಇರ್ಬಹುದು."

ಚನ್ನರಾಯಪ್ಪ ಮನಸ್ಸಿನಲ್ಲೇ ಹಲ್ಲು ಕಡಿದ. ತಾನಂತೂ ಮುಚ್ಚಳ ಹಾಕಿಯೇ ಹೋಗಿದ್ದೇನೆ, ಆಮೇಲೆ ತೆಗೆದಿಡುವುದು ಎಂಥ ಬೇಜವಾಬ್ದಾರಿ! ಯಾರು ಮಾಡಿರಬಹುದು ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದ. ಹಾಗೆ ನೋಡುತ್ತ ಬಂದ ಕಣ್ಣು ಕಿಟಕಿಯ ಕಟ್ಟೆಯ ಮೇಲೆ ನಿಂತಿತು.

ಅಲ್ಲಿ ಕಪ್ಪು ರಬ್ಬರ್ ಮುಚ್ಚಳ ಇತ್ತು.

ಶನಿವಾರದ ಮಧ್ಯಾಹ್ನ ಪೂರ್ತಿಯಾಗಿ ಕಣ್ಣಮುಂದೆ ಬಂತು. ದಪ್ಪ ಗವಸು ಹಾಕಿದ ಎಡಗೈಯಲ್ಲಿ ಕೊಳವೆ, ಬಲಗೈಯಲ್ಲಿ ಮುಚ್ಚಳ. ಜೇಬಿನಲ್ಲಿ ಫೋನು ಬಡಿದುಕೊಂಡಿತ್ತು. ಮುಳಬಾಗಿಲಿನಿಂದ ಅಳಿಯ. "ಮಾವ, ಬಸ್ಸು ಹತ್ತಿದ್ರಾ? ಪುರೋಹಿತರು ಬೆಳಿಗ್ಗೆ ಬೇಗ ಬರ್ತಾರೆ." ಮುಚ್ಚಳವನ್ನು ಒಂದು ಗಳಿಗೆಗೆಂದು ಕಟ್ಟೆಯ ಮೇಲಿಟ್ಟು ಫೋನು ತೆಗೆದಿದ್ದ. ಪಾತ್ರೆ ತುಂಬಿದ್ದ, ಅಳೆದಿದ್ದ, ಗೆರೆ ಎಳೆದಿದ್ದ. ಮುಚ್ಚಳ ಹಾಕಿರಲಿಲ್ಲ.

ಉಳಿದವರೆಲ್ಲ ಕೊಳವೆಯ ಮೇಲೆ ಬಗ್ಗಿದ್ದರು. ಕಟ್ಟೆ ಅವನಿಂದ ಎರಡೇ ಹೆಜ್ಜೆ. ಅಂಗಿಯ ಜೇಬಿಗೆ ಹಾಕಿಕೊಂಡರೆ ಯಾರಿಗೂ ತಿಳಿಯುವಂತಿರಲಿಲ್ಲ. ರಂಜಿತ ಆಗಲೇ ತಪ್ಪನ್ನು ಅರ್ಧ ತನ್ನ ಮೇಲೆ ಹಾಕಿಕೊಂಡಿದ್ದಳು. ಬಾಗಿಲಲ್ಲಿ ಶಿವಕುಮಾರ್. ಎರಡು ವರ್ಷದಿಂದ ಇಂಥದ್ದೊಂದಕ್ಕೇ ಕಾಯುತ್ತಿದ್ದವನು. ಚನ್ನರಾಯಪ್ಪನ ಬೆರಳುಗಳು ಮುಚ್ಚಳವನ್ನು ಹಿಡಿದಾಗ ಅದು ಬೆಚ್ಚಗಿತ್ತು. ಬಿಸಿಲು ಬಿದ್ದಿತ್ತೋ ಏನೋ.

"ಸಾರ್," ಎಂದ. "ಇದು ಇಲ್ಲೈತೆ. ಶನಿವಾರ ನಾನೇ ಇಲ್ಲಿಟ್ಟಿದ್ದು. ಹಾಕೋದು ಮರೆತೆ."

ಶಿವಕುಮಾರ್ ಮೊದಲು ನಕ್ಕ. "ಪರವಾಗಿಲ್ಲ! ಊರವರ ಮೇಲೆಲ್ಲ ಗೆರೆ ಎಳೀತಿದ್ದವನು ಕೊನೆಗೆ ಹಿಡಿದಿದ್ದು ಯಾರನ್ನ ಅಂದ್ರೆ ತನ್ನನ್ನೇ."

"ಸಾಕು ಶಿವಕುಮಾರ್," ಎಂದರು ಚಂದ್ರಮೋಹನ್. ಅವರ ಮುಖದಲ್ಲಿ ಸೋಮವಾರದ ಸಂತೋಷ ಉಳಿದಿರಲಿಲ್ಲ. ಚನ್ನರಾಯಪ್ಪನನ್ನೂ ಸುಮ್ಮನೆ ಬಿಡಲಿಲ್ಲ. "ಇದು ಸಣ್ಣ ತಪ್ಪಲ್ಲ. ನೂರ ಇಪ್ಪತ್ತು ಅಂತ ಹೋಗಿ ಹೇಳಿಬಿಟ್ಟಿದ್ರೆ ನಾಳೆ ಯಾರೂ ನಮ್ಮನ್ನ ನಂಬ್ತಿರಲಿಲ್ಲ," ಎಂದವರು ಮುಚ್ಚಳವನ್ನು ಕೈಗೆ ತೆಗೆದುಕೊಂಡು ಸೇರಿಸಿದರು. "ನೀವು ಅಳೀದೇ ಇದ್ದಿದ್ರೆ ಹೇಳಿಯೂ ಬಿಡ್ತಿದ್ವಿ. ನಾಳೆ ಬೆಳಿಗ್ಗೆ ಮತ್ತೆ ಶುರು ಮಾಡೋಣ. ಎಲ್ಲರೂ ಇರಿ."

ಬುಧವಾರ ಕೊಳವೆಗೆ ಒಣಗಾಳಿ ಹಾಯಿಸಿ, ಅದೇ ಪುಡಿಯಿಂದ ಹೊಸ ಪುಟ್ಟ ಬಿಳಿ ಕೊಳವೆ ತುಂಬಿ, ಚಳಿ ಕೊಟ್ಟರು. ಚನ್ನರಾಯಪ್ಪ ಗಂಟೆಗೊಮ್ಮೆ ಕೋಲು ಇಳಿಸಿದ. ಈ ಸಲ ಬಿಳಿ ಗೆರೆ ಗಂಟೆ ಗಂಟೆಗೂ ಇಳಿಯಿತು. ಮೈಕ್ರೋವೇವ್ ಇದ್ದಾಗಿನ ಸದ್ದು ಶನಿವಾರದಷ್ಟೇ ಎತ್ತರ ಬಂತು. ಮೈಕ್ರೋವೇವ್ ಇಲ್ಲದ ಸದ್ದು ಮಾತ್ರ ಭಾನುವಾರದ್ದರ ಮೂರು ಪಟ್ಟು. ಚಳಿಯೇ ಆ ಮೂರು ಪಟ್ಟು ಕೊಟ್ಟಿತ್ತು. ಭಾನುವಾರ ಚಳಿಯಿಲ್ಲದ ಪುಡಿಯ ಜೊತೆ ಚಳಿಯಿದ್ದ ಪುಡಿಯನ್ನು ಹೋಲಿಸಿ, ಎಲ್ಲವನ್ನೂ ಮೈಕ್ರೋವೇವಿನ ಹೆಸರಿಗೆ ಬರೆದಿದ್ದರು. ಗುರುವಾರ ಬೆಳಿಗ್ಗೆ ಅಂಕಿ ನಿಂತಿತು. ನಲವತ್ತೊಂದು ಪಟ್ಟು.

ವಿಜ್ಞಾನಿಗಳು ಮಧ್ಯಾಹ್ನ ಬಂದರು. ರಂಜಿತ ನಲವತ್ತೊಂದನ್ನೇ ತೋರಿಸಿದಳು. ಭಾನುವಾರದ ಕಥೆಯನ್ನೂ ಮುಚ್ಚಿಡದೆ ಹೇಳಿದಳು. ಬಂದವರಲ್ಲಿ ಒಬ್ಬ ನರೆಗೂದಲಿನ ಹೆಂಗಸು ಗೋಡೆಯ ಸೀಮೆಸುಣ್ಣದ ಗೆರೆಗಳ ಫೋಟೋ ತೆಗೆದುಕೊಂಡರು. ಅದು ಯಾತಕ್ಕೆ ಎಂದು ಚನ್ನರಾಯಪ್ಪನಿಗೆ ಸಂಜೆಯವರೆಗೂ ಕಳವಳ.

ಹೊರಡುವ ಮುಂಚೆ ಅವನು ರಂಜಿತಳ ಹತ್ತಿರ ಹೋದ. "ನೂರ ಇಪ್ಪತ್ತು ಹೋಗಿ ನಲವತ್ತೊಂದು ಆಯ್ತು. ನನ್ನಿಂದ."

"ನೂರ ಇಪ್ಪತ್ತು ಯಾವತ್ತೂ ಇರಲೇ ಇಲ್ಲವಲ್ಲಣ್ಣ," ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ನಲವತ್ತೊಂದೂ ಕಮ್ಮಿ ಅಲ್ಲ. ಸದ್ದು ನಲವತ್ತೊಂದು ಪಟ್ಟು ಏರಿದ್ರೆ ಕಾಯೋ ಹೊತ್ತು ಅದರ ವರ್ಗದಷ್ಟು, ಸಾವಿರದ ಆರುನೂರಕ್ಕೂ ಹೆಚ್ಚು ಪಟ್ಟು ಇಳಿಯುತ್ತೆ. ವರ್ಷಗಟ್ಟಲೆ ಕೇಳಿದ್ರೂ ಕೇಳದೇ ಇರೋದು ಈಗ ಒಂದು ದಿನದಲ್ಲಿ ಕೇಳುತ್ತೆ." ಮಾತಿನಲ್ಲಿ ಗೌರವ ಇತ್ತು, ಮೊದಲಿನ ಸಲಿಗೆ ಇರಲಿಲ್ಲ. ಬಾಗಿಲೆದುರು ಸ್ಟೂಲು ಹಾಕಿ ಕೂತವನನ್ನು ಅವಳು ಮರೆತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಆ ಸಂಜೆ ಬಸ್ಸಿನಲ್ಲಿ ಅವನು ಟಿಕೆಟ್ಟಿನ ತಾರೀಖು ನೋಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಒಲೆಯ ಹತ್ತಿರ ಕೂತ. ಆಮೇಲೆ, "ಭಾರತಿ, ಆ ನಲವತ್ತು ಹಸು..." ಎಂದ.

"ಯಾವ ಹಸು?"

"ಗಬ್ಬ ನಿಲ್ಲಲಿಲ್ವಲ್ಲ, ಅವು. ಡ್ರೈವರು ಅರ್ಧ ತುಂಬಿದ ಅಂದ್ಕೊಂಡೆ. ಆವಾಗ ನಾನು ಹೊಸಬ. ಕ್ಯಾನಿನ ಬಿರಡೆ ಸರಿಯಾಗಿ ಹಾಕ್ತಿದ್ನೋ ಇಲ್ವೋ, ಒಂದು ಸಲಾನೂ ಯೋಚನೆ ಮಾಡ್ಲಿಲ್ಲ."

ಭಾರತಮ್ಮ ಒಲೆಯ ಉರಿ ತಗ್ಗಿಸಿ ಅವನ ಮುಖ ನೋಡಿದಳು. "ಇಷ್ಟು ವರ್ಷ ಆದ್ಮೇಲೆ ಯಾರು ಹೇಳ್ತಾರೆ? ಇರ್ಬಹುದು, ಇಲ್ದೇನೂ ಇರ್ಬಹುದು. ಬಾ, ಊಟ ಮಾಡು."

ಕೇಂದ್ರದಲ್ಲಿ ಅವನ ಕೆಲಸ ಹೋಗಲಿಲ್ಲ. ಶಿವಕುಮಾರ್ ಒಂದು ಮೆಮೊ ಬರೆದುಕೊಟ್ಟ. ಚನ್ನರಾಯಪ್ಪ ಅದನ್ನು ಎರಡು ಸಲ ಓದಿ, ತಾರೀಖು ತಪ್ಪಾಗಿದೆ ಎಂದು ತಿದ್ದಿಸಿ, ಸಹಿ ಹಾಕಿದ. ಚಳಿಗಾಲದ ಹೊತ್ತಿಗೆ ಸ್ಟೋರಿನ ಇನ್ನೊಂದು ಹಳೆಯ ಕ್ಯಾನೂ ಬೆವರುವುದನ್ನು ಅವನೇ ಕಂಡುಹಿಡಿದ. ಹೆಚ್ಚಿನ ನೈಟ್ರೋಜನ್ ಹೋಗುತ್ತಿದ್ದ ದಾರಿ ಅದಾಗಿತ್ತು. ಶಿವಕುಮಾರ್ ಕ್ಷಮೆ ಕೇಳಲಿಲ್ಲ, ಚೀಲ ತೆಗೆಸಿ ನೋಡುವುದನ್ನು ಮಾತ್ರ ನಿಲ್ಲಿಸಿದ. ರಂಜಿತ ಯಂತ್ರ ಹಚ್ಚುವ ಮುಂಚೆ, "ಅಣ್ಣ, ಒಂದ್ಸಲ ನೋಡ್ತೀರಾ," ಎಂದು ಕರೆಯುವ ರೂಢಿ ಮಾಡಿಕೊಂಡಳು. ಅವನು ಕೊಳವೆಯ ಬಾಯಿ, ಮುಚ್ಚಳ, ಪರದೆಯ ಅಂಕಿ ಎಲ್ಲ ನೋಡುವನು. ಕೊನೆಗೆ, "ನಾನು ಮುಟ್ಟಿದ್ದನ್ನ ನೀವೂ ಒಂದ್ಸಲ ನೋಡಿಬಿಡಿ," ಎನ್ನುವನು. ಅದು ಹೊಸದು. ಅವಳು ನೋಡುವಳು. ಅದರಾಚೆ ಇಬ್ಬರಿಗೂ ಹೆಚ್ಚು ಮಾತಿರಲಿಲ್ಲ.

ಬೇಸಿಗೆಯಲ್ಲಿ ಒಂದು ಸೋಮವಾರ ಅವಳು ಊರಿನಿಂದ ಒಂದು ಚೀಲ ಬಾದಾಮಿ ಮಾವಿನಹಣ್ಣು ತಂದು ಎಲ್ಲರಿಗೂ ಹಂಚಿದಳು. ಚನ್ನರಾಯಪ್ಪನ ಮುಂದೆ ನಾಲ್ಕು ಹಣ್ಣು ಇಟ್ಟಳು. ಅವನು ಒಂದನ್ನು ಎತ್ತಿ ತೊಟ್ಟಿನ ಹತ್ತಿರ ಮೂಸಿದ. ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ. ಒಳಗೂ ಒಂದೇ ಸಮನಾಗಿ ಹಣ್ಣಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿದ.

"ಕಾರ್ಬೈಡ್ ಹಾಕಿಲ್ಲ ತಾನೇ?"

ರಂಜಿತ ಅವನನ್ನೇ ನೋಡಿದಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು, ಪಕ್ಕದ ಕೋಣೆಯವರು ಇಣುಕುವಷ್ಟು ಜೋರಾಗಿ. "ನಮ್ಮಪ್ಪ ಹುಲ್ಲಲ್ಲಿ ಹಣ್ಣಾಕಿದ್ದು ಕಣಣ್ಣ. ಬೇಕಾದ್ರೆ ಫೋನ್ ಮಾಡಿ ಕೊಡ್ಲಾ, ಅವರನ್ನೇ ಕೇಳಿ."

"ಬೇಡಮ್ಮ, ಬೇಡ," ಎಂದು ಅವನು ಹಣ್ಣುಗಳನ್ನು ಚೀಲಕ್ಕಿಳಿಸಿದ. ಮನೆಗೆ ಬಂದು ಬಕೆಟ್ಟಿನ ನೀರಿನಲ್ಲಿ ಒಂದು ಗಂಟೆ ನೆನೆಹಾಕಿಯೇ ಮೊದಲ ಹಣ್ಣನ್ನು ಹೆಂಡತಿಗೆ ಕೊಯ್ದುಕೊಟ್ಟ.